ಆರು ಜುಟ್ಟು

ಮೂರನೇ ಏಟಿಗೆ ಸಾಯಬೇಕಿತ್ತು ಅವರು.
ಸಾಯುವ ಚಿತ್ರಕ್ಕೆ ಜಾಗ ಉಳಿದಿರಲಿಲ್ಲ.

ಕದೊಮಾದ ಬ್ಯಾಟರಿ ಕಾರ್ಖಾನೆಯ ಬೆನ್ನಿಗೆ
ಎರಡನೇ ಮಹಡಿ ನಮ್ಮದು, ಕೆಳಗೆ ಬೋಲ್ಟು ಮಾರುವವರು.
ಚೌಕುಳಿ ಹಾಳೆಯಲ್ಲಿ ಒಂದೊಂದೇ ಮನೆಗೆ
ಪೆನ್ಸಿಲು ತುಂಬುತ್ತ ಕೂತಿದ್ದೆ.
ನುಕಾಗಾ ಬಂದ, ಪ್ರೋಗ್ರಾಮ್ ಬರೆಯುವವ,
ಸಿಗರೇಟಿನ ಬೂದಿ ನನ್ನ ಹಾಳೆಗೇ ಉದುರಿಸುತ್ತ:
'ಖಳನಿಗೆ ಆರು ಕೋಟೆ. ಕೋಟೆಗೊಬ್ಬ ಬೇಕು.
ಮೈ ಒಂದೇ ಇರಲಿ, ತಲೆ ಬೇಕಾದರೆ ಬದಲಿಸು.'

ಒಂದೇ ಮೈ, ಆರು ತಲೆ ಎಂದರೆ
ಒಡಹುಟ್ಟಿದವರಲ್ಲದೆ ಇನ್ನಾರು?
ಹಾಗೆ ಹುಟ್ಟಿದರು ಖಳನ ಮಕ್ಕಳು,
ಬಸಿರಿಲ್ಲ, ಬಾಣಂತನವಿಲ್ಲ,
ಮೆಮೊರಿಯ ಬಡತನಕ್ಕೆ.

ಹಿರಿಯವಳಿಗೆ ನೆಟ್ಟಗೆ ನಿಂತ ಜುಟ್ಟು.
ಎರಡನೆಯವನಿಗೆ ಕನ್ನಡಕ, ಅದು ನನ್ನದೇ.
ಅವಳಿಗಳಲ್ಲಿ ಒಬ್ಬಳನ್ನು ಬರೆದು
ಎಡಬಲ ತಿರುಗಿಸಿ ಇನ್ನೊಬ್ಬಳನ್ನು ಪುಕ್ಕಟೆ ಪಡೆದೆ.
ಐದನೆಯವನು ಹೇಗಿದ್ದನೋ ಈಗ ನೆನಪಿಲ್ಲ,
ಅವತ್ತು ಶುಕ್ರವಾರ, ಕೊನೆಯ ರೈಲು ಹಿಡಿಯಬೇಕಿತ್ತು.
ಕಿರಿಯವನ ತಲೆಗೆ ಹೊಸ ಬಣ್ಣವೇ ಸಿಗಲಿಲ್ಲ;
ಅಪ್ಪನ ಕಣ್ಣಿಗೆ ಬಳಿದಿದ್ದ ಪಾಚಿ ಹಸಿರಿನ
ಅದೇ ಬಟ್ಟಲಿಗೆ ಇವನನ್ನೂ ಕಟ್ಟಿಹಾಕಿದೆ.

ಮೂರನೇ ಏಟಿಗೆ ಎಗರಿ ಪರದೆಯಾಚೆ ಬೀಳುತ್ತಾರೆ, ಅಷ್ಟೆ.
ಬಿದ್ದವರು ಏನಾದರೆಂದು ಯಾರೂ ಬರೆದಿರಲಿಲ್ಲ.
ಆದ್ದರಿಂದ ಎರಡನೇ ಭಾಗಕ್ಕೂ ಬಂದರು,
ಮೂರಕ್ಕೂ, ಕಾರು ಓಡಿಸುವ ಆಟಕ್ಕೂ.
ಅದೇ ಸೇತುವೆ, ಅದೇ ಬೆಂಕಿ, ಅದೇ ಮೂರು ಏಟು.
ಬೆಳಿಗ್ಗೆ ಬೆಳಿಗ್ಗೆ ಬೂಟಿನ ದಾರ ಬಿಗಿದು
ಸೋಲಲು ಹೊರಡುವ ಮಕ್ಕಳು.

ಯೊಕೊತೆಯಿಂದ ಒಂದು ಕಾಗದ, ಹಿಮಕ್ಕೆ ನೆಂದ ಲಕೋಟೆ:
'ಅಕ್ಕ ಸೋತದ್ದು ಎರಡನೆಯವನಿಗೆ ಗೊತ್ತೇ?
ಗೊತ್ತಿದ್ದರೆ ಓಡಿ ಬರಲಿಲ್ಲ ಯಾಕೆ?
ಅವರಮ್ಮ ಯಾವ ಕೋಟೆಯಲ್ಲಿದ್ದಾಳೆ?
ನಾನು ಎಲ್ಲ ಬಾಗಿಲೂ ತೆರೆದು ನೋಡಿದೆ.'
ಕಂಪನಿಯ ಅಚ್ಚಿನ ಕಾರ್ಡಿನ ಮೇಲೆ ಉತ್ತರಿಸಿದೆ:
'ಹೀಗೇ ಆಡುತ್ತಿರು. ಕಣ್ಣಿಗೆ ಆಗಾಗ ವಿಶ್ರಾಂತಿ ಕೊಡು.'
ಇವತ್ತಿಗೂ ಆ ಕಾರ್ಡು ನೆನೆದರೆ ಕಿವಿ ಬಿಸಿಯಾಗುತ್ತದೆ.

ಇಪ್ಪತ್ತೆರಡು ವರ್ಷ. ಉಮೆದಾದ ಗಾಜಿನ ಕಟ್ಟಡ.
ಹಳೆಯ ಆಟಕ್ಕೆ ಹೊಸ ಚರ್ಮ ತೊಡಿಸುವ ಸಭೆ.
ನಿರ್ದೇಶಕಿ ತಾತೆನೊ ಒಳ್ಳೆಯ ಹುಡುಗಿ,
ನನಗೆ ತಾನೇ ಕುರ್ಚಿ ಎಳೆದುಕೊಟ್ಟಳು:
'ಇನ್ನು ಮುಂದೆ ಅವರು ಮಕ್ಕಳಲ್ಲ, ಸೇನಾಧಿಕಾರಿಗಳು.
ಖಳನಿಗೆ ಸಂಸಾರವಿದ್ದರೆ
ಆಡುವವರ ಕೈ ಹಿಂಜರಿಯುತ್ತದೆ.'
ಕೈಪಿಡಿಯ ನಾಲ್ಕನೇ ಪುಟದಲ್ಲಿ ಒಂದು ಪದ ಹೋಗಿ
ಇನ್ನೊಂದು ಬಂತು. ಜೊತೆಗೆ ಚಹಾ ಬಂತು.

ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ.
ಹೆತ್ತವನನ್ನೇ ತೆಗೆದುಹಾಕಿದ ಮೇಲೆ
ಹೆಗ್ಗಣಕ್ಕೊಂದು ಸಂಬಳ ಗೊತ್ತುಮಾಡಬೇಕು.

ನಾನು ಮದುವೆಯಾಗಲಿಲ್ಲ.
ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಾರ್ಚ್ ತಿಂಗಳಲ್ಲಿ ಫೋನು ಬಂತು.
ಯಾರೋ ಹುಡುಗ ಖಳನ ಕಣ್ಣಿಗೆ ಹಳದಿ ಹಾಕಿದನಂತೆ,
ನೋಡಿದರೆ ಆರನೇ ಅಧಿಕಾರಿಯ ಜುಟ್ಟೂ ಹಳದಿ.
ದೋಷದ ಪಟ್ಟಿಯಲ್ಲಿ ಮೂರು ಸಾವಿರದ ಚಿಲ್ಲರೆ ಸಂಖ್ಯೆ:
'ಇಬ್ಬರ ನಡುವೆ ನಂಟು. ಕಾರಣ ತಿಳಿದಿಲ್ಲ.'
ಎರಡು ರಾತ್ರಿ ಹುಡುಕಿದ್ದಾರೆ ಪಾಪ.
'ನಿಮಗೇನಾದರೂ ಹೊಳೆಯುತ್ತದೆಯೇ?'
ಅಂದಳು ತಾತೆನೊ, ದನಿಯಲ್ಲಿ ನಿದ್ದೆ.

ಬಟ್ಟಲಿನ ಸಂಖ್ಯೆ ನನಗೆ ಬಾಯಿಪಾಠ.
ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಅದನ್ನು ಇಳಿಸಿದೆ.
'ತುಂಬ ಹಳೆಯ ಗಂಟಮ್ಮ ಅದು,' ಅಂದೆ,
'ಎಳೆದರೆ ಏನೇನು ಬಿಚ್ಚೀತೋ.
ಇದ್ದ ಹಾಗೇ ಬಿಟ್ಟುಬಿಡಿ.'